ಹೇಳಿದ್ದು ಹೇಳಿದಂಗ

ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಬೇಕಾಗುತ್ತದೆ ಎಂದು ವಕೀಲರು ತಿಳಿಸಿದ ದಿನದಿಂದ ಸರೋಜವ್ವನ ರೊಟ್ಟಿ ಹರಿಯತೊಡಗಿದ್ದವು. ಮೂವತ್ತು ವರ್ಷ ಅಕ್ಕಿಆಲೂರಿನ ಎರಡು ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟ ಕೈ ಅದು. ಹಿಟ್ಟಿಗೆ ಹಾಕುವ ನೀರಿನ ಕಾವು ಬೆರಳಿಟ್ಟು ನೋಡದೆಯೇ ಅದಕ್ಕೆ ತಿಳಿಯುತ್ತಿತ್ತು. ಈಗ ಹಂಚಿಗೆ ಹಾಕುವಷ್ಟರಲ್ಲಿ ಅಂಚು ಸೀಳುತ್ತಿತ್ತು, ನಡುವೆ ತೂತು ಬೀಳುತ್ತಿತ್ತು. ಗಂಡ ಕುಬೇರಪ್ಪ ಮಿಲ್ಲಿಗೆ ಹೋಗುವ ಮುಂಚೆ ಹರಿದ ರೊಟ್ಟಿಗಳನ್ನೇ ಆರಿಸಿ ತನ್ನ ತಾಟಿಗೆ ಹಾಕಿಕೊಂಡು, "ಹರಕ ರೊಟ್ಟಿಗೆ ಪಲ್ಯಾ ಚಲೋ ಹತ್ತತೈತಿ," ಎಂದು ತಿನ್ನುತ್ತಿದ್ದ. ಇವತ್ತು ಮುಂಜಾನೆಯೂ ಹಾಗೇ ಅಂದು, ಅವಳ ಕೈಚೀಲದಲ್ಲಿ ನೀರಿನ ಬಾಟಲಿ ಇಟ್ಟು, ಹಾವೇರಿಗೆ ಹೋಗುವ ಬಸ್ಸು ಹತ್ತಿಸಿದ್ದ. ಮಗಳು ನೇತ್ರಾ ಕಿಟಕಿಯ ಪಕ್ಕ ಕೂತಿದ್ದಳು. ಹಿರೇಕೆರೂರಿನ ಗಂಡನ ಮನೆಯಿಂದ ನಿನ್ನೆ ಸಂಜೆ ಬಂದವಳು. ಆ ಹೆರಿಗೆಯಾದ ಮೇಲೆ, ಈ ಮೂರು ವರ್ಷದಲ್ಲಿ, ತವರಿನಲ್ಲಿ ಒಂದು ರಾತ್ರಿಗಿಂತ ಹೆಚ್ಚು ಉಳಿದದ್ದೇ ಇಲ್ಲ. ಯಾಕೆ ಎಂದು ಸರೋಜವ್ವ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದು ಎಂಬ ಹೆದರಿಕೆ. ಬಸ್ಸು ಹಾನಗಲ್ಲ ದಾಟುವಾಗ ಕಂಡಕ್ಟರ್ ಟಿಕೀಟು ಹರಿದು ಕೊಟ್ಟು, ಇವರಿಬ್ಬರ ಮುಖ ನೋಡಿ, "ದವಾಖಾನಿಗೇನ್ರಿ ಅವ್ವಾರ? ಗೇಟಿನ ಮುಂದ ನಿಲ್ಲಸ್ತೇನಿ," ಎಂದ. ಆ ಮಾತು ಕೇಳಿ ಸರೋಜವ್ವ ಕೈಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. ನೇತ್ರಾಳೇ, "ಇಲ್ಲರಿ, ಕೋರ್ಟಿಗೆ," ಎಂದಳು. ಕಂಡಕ್ಟರ್ ತಲೆಯಾಡಿಸಿ, "ಅದೂ ಒಂದ ದವಾಖಾನಿನ ಬಿಡ್ರಿ," ಎಂದು ಮುಂದೆ ಹೋದ.

ನಿನ್ನಿಯಿಂದ ಬ್ಯಾನಿ. ಈ ಎರಡು ಶಬ್ದ ತನ್ನ ಬಾಯಿಂದಲೇ ಬಂದದ್ದು ಅವಳಿಗೆ ನಿಚ್ಚಳವಾಗಿ ನೆನಪಿತ್ತು. ಹೈವೇ ಪಕ್ಕದ ಆ ನರ್ಸಿಂಗ್ ಹೋಮಿನ ಹಸಿರು ಬಣ್ಣದ ಕೌಂಟರ್, ಅದರ ಹಿಂದೆ ನಿಂತ ಸಿಸ್ಟರ್ ವಿದ್ಯಾ, ಅವಳ ಕೈಯಲ್ಲಿದ್ದ ಪೆನ್ನು. ವಿದ್ಯಾ ಒಳ್ಳೆಯ ಹುಡುಗಿ. ಇಳಕಲ್ಲ ಕಡೆಯವಳೋ ಏನೋ, ದಣಿದ ಕಣ್ಣು, ಆದರೂ ನೇತ್ರಾಳ ಬೆವರು ಒರೆಸುವಾಗ ತನ್ನ ಕರ್ಚೀಫನ್ನೇ ತೆಗೆದಿದ್ದಳು. "ಎಷ್ಟೊತ್ತಿನಿಂದರಿ?" ಎಂದು ಕೇಳಿದ್ದಳು. ಆಗ ಮುಂಜಾನೆ ಹತ್ತೂವರೆ. ಸರೋಜವ್ವ ಉತ್ತರ ಕೊಟ್ಟಳು, ವಿದ್ಯಾ ಬರೆದುಕೊಂಡಳು. ಅಷ್ಟೇ ಆದದ್ದು. ಹನ್ನೊಂದಕ್ಕೆ ಒಮ್ಮೆ ಕೂಸಿನ ಎದೆಬಡಿತ ನೋಡಿ ಚಲೋ ಐತಿ ಅಂದರು. ಆಮೇಲೆ ಡಾಕ್ಟರ್ ಬರುತ್ತಾರೆ, ಬರುತ್ತಾರೆ, ಬರುತ್ತಾರೆ. ಸಂಜೆ ಆರಕ್ಕೆ ಬಂದರು. ಕೂಸು ಅಳಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಡುವಾಗ ವಿದ್ಯಾ ಮುಖದ ಮೇಲಿನ ಬಟ್ಟೆ ಸ್ವಲ್ಪ ಸರಿಸಿ, "ನೋಡಿಕೊಳ್ಳರಿ ಅವ್ವಾ, ಆಮೇಲೆ ನೋಡಲಿಲ್ಲ ಅನಸಬಾರದು," ಎಂದಿದ್ದಳು. ಎಷ್ಟು ದೊಡ್ಡ ಮಾತು ಆ ವಯಸ್ಸಿನ ಹುಡುಗಿಗೆ. ಮೂಗು ನೇತ್ರಾಳದೇ. ಡಾಕ್ಟರ್ ಮಾತ್ರ ಬಾಗಿಲಲ್ಲಿ ನಿಂತು, ಅಳಿಯ ಪ್ರಶಾಂತನಿಗೆ, "ನಿನ್ನೆಯಿಂದ ನೋವು ಇಟ್ಟುಕೊಂಡು ಮನೆಯಲ್ಲೇ ಕೂತಿದ್ದಾರೆ, ಇಷ್ಟು ತಡ ಮಾಡಿ ತಂದರೆ ನಾವೇನು ಮಾಡೋದು?" ಎಂದರು. ಆ ಮಾತು ಕಾರಿಡಾರು ದಾಟಿ, ಬಸ್ಸು ಹತ್ತಿ, ಇವರಿಗಿಂತ ಮುಂಚೆ ಹಿರೇಕೆರೂರು ಮುಟ್ಟಿತು. ಬೀಗತಿ ಗುರಸಿದ್ಧವ್ವ ಜಗಳಗಂಟಿಯಲ್ಲ. ಎದುರಿಗೆ ಒಂದು ದಿನವೂ ಏನೂ ಅಂದವಳಲ್ಲ. ಒಮ್ಮೆ ಓಣಿಯ ಹೆಂಗಸರ ಮುಂದೆ ಮಾತ್ರ, "ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು ಅಂತಾರ. ಒಂದ ದಿನಾ ಪೂರಾ ಇಟಗೊಂಡ ಕುಂತ್ರಂತ," ಎಂದದ್ದು, ಸುತ್ತಿ ಬಳಸಿ ಸರೋಜವ್ವನ ಕಿವಿಗೆ ಬಿದ್ದಿತ್ತು.

ಆವತ್ತಿನಿಂದ ಸರೋಜವ್ವ ಹೆರಿಗೆಯ ಹಿಂದಿನ ದಿನವಾದ ಆ ಶುಕ್ರವಾರವನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದಳು. ನೇತ್ರಾಳಿಗೆ ನೆಗಡಿ, ತಲೆನೋವು. ಆಶಾ ಕಾರ್ಯಕರ್ತೆ ಮಧ್ಯಾಹ್ನ ಬಂದು ಬಿಪಿ ನೋಡಿ ಏನೂ ಇಲ್ಲ ಎಂದಳು. ಸರೋಜವ್ವ ಸುಂಠಿ ತೇಯ್ದು ಹಣೆಗೆ ಹಚ್ಚಿದಳು. ಸಂಜೆ ನೇತ್ರಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳೇ? ಇಟ್ಟುಕೊಂಡಿದ್ದಳು. ತುಂಬಿದ ಬಸುರಿ ಸೊಂಟದ ಮೇಲೆ ಕೈ ಇಟ್ಟುಕೊಳ್ಳದೆ ಇನ್ನೆಲ್ಲಿ ಇಟ್ಟುಕೊಂಡಾಳು? ಆದರೆ ಅದು ಅದೇ ಆಗಿದ್ದರೆ? ತನಗೆ ತಿಳಿಯದೇ ಹೋಗಿದ್ದರೆ? ಇಲ್ಲ, ಅದು ತಲೆನೋವೇ, ಹೆರಿಗೆಯದ್ದು ಮರುದಿನ ಮುಂಜಾನೆ ಎಂಟಕ್ಕೆ ಶುರುವಾದದ್ದು ಎಂದು ಮನಸ್ಸು ಒಂದು ಕಡೆ ಹೇಳಿದರೆ, ಹಾಗಾದರೆ ನಿನ್ನಿಯಿಂದ ಅಂತ ಯಾಕ ಅಂದಿ ಎಂದು ಇನ್ನೊಂದು ಕಡೆ ಕೇಳುತ್ತಿತ್ತು. ಯಾವುದು ನಡೆದದ್ದು, ಯಾವುದು ಡಾಕ್ಟರು ಅಂದಮೇಲೆ ತನ್ನ ತಲೆಯಲ್ಲಿ ಬೆಳೆದದ್ದು, ಈಗ ಅವಳಿಗೇ ಬೇರ್ಪಡಿಸಲು ಬರುತ್ತಿರಲಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿ ಹಿಟ್ಟು ಬಿದ್ದ ಹಾಗೆ.

ಕುಬೇರಪ್ಪನ ಜೊತೆ ಮಿಲ್ಲಿನಲ್ಲಿ ಕೆಲಸ ಮಾಡುವ ಜಮಾಲಸಾಬನೇ ದಾರಿ ತೋರಿಸಿದವನು. ಸವಣೂರಿನ ಅವನ ಅಕ್ಕನ ಮಗಳು ನುಜಹತ ಶಿಗ್ಗಾಂವದಲ್ಲಿ ವಕೀಲಿ ಮಾಡುತ್ತಿದ್ದಳು. ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ಕೋಣೆ. ಮೊದಲ ದಿನ ಅವಳು ನೇತ್ರಾಳನ್ನು ಫ್ಯಾನಿನ ಕೆಳಗೆ ಕೂರಿಸಿ, ತಾನು ಸೆಕೆಯ ಮೂಲೆಗೆ ಕುರ್ಚಿ ಎಳೆದುಕೊಂಡಿದ್ದನ್ನು ಸರೋಜವ್ವ ಗಮನಿಸಿದ್ದಳು. "ದಾರಿ ಒಂದ ಅಲ್ಲರಿ," ಎಂದು ನಿಧಾನವಾಗಿ ಹೇಳಿದ್ದಳು. "ಪೊಲೀಸರ ಕಡೆ ಹೋಗಬಹುದು. ಆದರ ಡಾಕ್ಟರ್ ಮ್ಯಾಲೆ ಅವರು ಸುಮ್ಮನ ಕೇಸ್ ಹಾಕಾಂಗಿಲ್ಲ, ಬ್ಯಾರೆ ಡಾಕ್ಟರುಗೋಳ ಅಭಿಪ್ರಾಯ ಬೇಕಾಗತೈತಿ. ಬೆಂಗಳೂರಿನ ಮೆಡಿಕಲ್ ಕೌನ್ಸಿಲಿಗೆ ಬರೀಬಹುದು, ಅವರು ಡಾಕ್ಟರಕಿ ಮಾಡೋ ಹಕ್ಕಿನ ಬಗ್ಗೆ ವಿಚಾರಣಿ ಮಾಡ್ತಾರ. ಇಲ್ಲಾ ಹಾವೇರ್ಯಾಗ ಗ್ರಾಹಕರ ಆಯೋಗ ಐತಿ. ಅಲ್ಲಿಗೆ ಹೋಗೋದಾದ್ರ ಎರಡು ವರ್ಷದೊಳಗ ಅರ್ಜಿ ಹಾಕಬೇಕು. ನಿಮಗ ಈಗಾಗಲೆ ಇಪ್ಪತ್ತು ತಿಂಗಳ ಆಗ್ಯಾವ." ಗ್ರಾಹಕರು ಎಂಬ ಶಬ್ದಕ್ಕೆ ಕುಬೇರಪ್ಪ ನೊಂದುಕೊಂಡಿದ್ದ. "ನಾವೇನ ಸಂತ್ಯಾಗ ಬದನಿಕಾಯಿ ಕೊಂಡೇವೇನ್ರಿ?" ನುಜಹತ ನಗಲಿಲ್ಲ. "ಬದನಿಕಾಯಿ ಹುಳುಕ ಇದ್ರ ಕೇಳೂ ಹಕ್ಕ ಐತಲ್ಲ ಕಾಕಾ, ಇದನ್ನ ಕೇಳೂ ಹಕ್ಕ ಇರಬಾರದೇನು?" ಎಂದಳು. ನಂತರ ನೇತ್ರಾಳ ಕಡೆ ತಿರುಗಿ, "ನಿಮಗ ಏನ ಆಗಬೇಕು, ಅದನ್ನ ಮೊದಲ ಹೇಳ್ರಿ," ಎಂದಳು. ನೇತ್ರಾ ಹೇಳಿದಳು: "ತಪ್ಪ ಯಾರದು ಅಂತ ಒಂದ ಹಾಳ್ಯಾಗ ಬರದ ಕೊಡಬೇಕ್ರಿ. ಅಷ್ಟ."

ಆ ಹಾಳೆಯಲ್ಲಿ ತನ್ನ ಹೆಸರೇ ಬಂದರೆ? ಸರೋಜವ್ವನ ಹೊಟ್ಟೆಯೊಳಗೆ ಕೂತ ಹುಳ ಅದು. ಆಸ್ಪತ್ರೆಯ ಕಾಗದಪತ್ರ ಕೇಳಿ ತರಿಸಿಕೊಂಡ ಮೇಲೆ ನುಜಹತ ಒಂದು ದಿನ ಫೋನಿನಲ್ಲಿ, "ಅವ್ವಾರ, ಹಿಂದಿನ ದಿನದಿಂದ ಹೆರಿಗೆ ನೋವು ಇತ್ತು ಅಂತ ನೀವು ಹೇಳಿದ್ದು ಬರಕೊಂಡಾರ ಅಂತ ಅವರ ಜವಾಬಿನ್ಯಾಗ ಐತಿ. ಹೇಳೀರೇನ್ರಿ?" ಎಂದು ಕೇಳಿದ್ದಳು. ಸರೋಜವ್ವ ಒಲೆಯ ಮುಂದೆ ಕೂತು, ಫೋನು ಕಿವಿಗೆ ಒತ್ತಿ ಹಿಡಿದು, "ನೆನಪಿಲ್ಲವಾ," ಎಂದುಬಿಟ್ಟಳು. ಆ ಹುಡುಗಿ ನಂಬಿದಳು. "ಹೋಗಲಿ ಬಿಡ್ರಿ, ಅವತ್ತಿನ ಗಡಿಬಿಡ್ಯಾಗ ಯಾರಿಗಿ ನೆನಪಿರತೈತಿ," ಎಂದು ತಾನೇ ಸಮಾಧಾನ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ಅರವತ್ತರ ಹತ್ತಿರ ಬಂದ ಜೀವ, ಮಗಳಿಗಿಂತ ನಾಲ್ಕು ವರ್ಷ ದೊಡ್ಡ ಹುಡುಗಿಯ ಮುಂದೆ ಸುಳ್ಳು ಹೇಳಿದೆನಲ್ಲ ಎಂಬ ನಾಚಿಕೆ, ಕೂಸು ಕಳೆದ ದುಃಖದ ಪಕ್ಕದಲ್ಲೇ ಒಂದು ಸಣ್ಣ ಚಾಪೆ ಹಾಸಿಕೊಂಡು ಕೂತುಬಿಟ್ಟಿತು.

ಹಾವೇರಿಯ ಆಯೋಗದ ಕಟ್ಟಡ ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ತಾಲೂಕು ಕಚೇರಿಯ ಹಾಗೆ ಇತ್ತು. ಗೋಡೆಗೆ ಆನಿಸಿದ ಬೆಂಚಿನ ಮೇಲೆ ಹೊಸ ಟ್ರ್ಯಾಕ್ಟರು ಕೆಟ್ಟಿದೆ ಎಂದು ಅರ್ಜಿ ಹಾಕಿದ ಯಲವಿಗಿಯ ಉಳವಪ್ಪ ಎಂಬುವರು ಕೂತಿದ್ದರು. ಇವಳು ನಿಂತದ್ದು ನೋಡಿ ಎದ್ದು, ತಮ್ಮ ಟವೆಲ್ಲಿನಿಂದ ಬೆಂಚು ಒರೆಸಿ, "ಕುಂದ್ರಿ. ನಂದು ಬರೇ ಗಾಲಿ, ಇಂಜಿನ್ನು. ನಿಂತ ಕೇಳಿದ್ರೂ ನಡಿತೈತಿ," ಎಂದರು. ನುಜಹತ ಬಂದು ಅವಳ ಸೆರಗಿನ ಪಿನ್ನು ಸರಿಮಾಡಿದಳು. ಬರೆದು ಕೊಟ್ಟ ಅಫಿಡವಿಟ್ಟಿನ ಮೇಲೆ ಆಸ್ಪತ್ರೆ ಕಡೆಯ ವಕೀಲರು ಪ್ರಶ್ನೆ ಕೇಳಲು ಆಯೋಗ ಒಪ್ಪಿತ್ತು. ಅದಕ್ಕೇ ಇವತ್ತಿನ ಕರೆ. "ಗೊತ್ತಿದ್ದದ್ದ ಹೇಳ್ರಿ. ಗೊತ್ತಿಲ್ಲದ್ದ ಗೊತ್ತಿಲ್ಲ ಅನ್ರಿ. ಅವರು ಜೋರ ಮಾಡಿದ್ರ ನೀವು ನನ್ನ ಕಡೆ ನೋಡ್ರಿ," ಎಂದಳು ನುಜಹತ. ಸರೋಜವ್ವ ಅವಳ ಕಡೆ ನೋಡಲಿಲ್ಲ. ಈಗಲೇ ಹೇಳಿಬಿಡಲೇ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು.

ಎತ್ತರದ ಮೇಜಿನ ಹಿಂದೆ ಮೂವರು. ನಡುವೆ ಅಧ್ಯಕ್ಷರು, ಮೈಸೂರು ಕಡೆಯ ಮಾತಿನವರು. ಎಡಕ್ಕೆ ತಲೆ ನರೆತ ಒಬ್ಬ ಮಹಿಳಾ ಸದಸ್ಯೆ, ಬಲಕ್ಕೆ ಇನ್ನೊಬ್ಬರು. ಪ್ರಮಾಣ ಮಾಡುವಾಗ ಸರೋಜವ್ವನಿಗೆ ತನ್ನ ದನಿ ಬೇರೆ ಯಾರದೋ ಅನಿಸಿತು. ಆಸ್ಪತ್ರೆಯ ವಕೀಲರು ಜೋರು ಮಾಡುವವರಲ್ಲ, ದಾವಣಗೆರೆಯಿಂದ ಬಂದ ಮೆತ್ತನೆಯ ಹಿರಿಯರು; ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಊರು, ಉದ್ಯೋಗ, ಎಷ್ಟು ಮಕ್ಕಳು ಎಂದೆಲ್ಲ ಕೇಳಿ, ಕನ್ನಡಕ ಏರಿಸಿ, "ನಿಮ್ಮ ಮಗಳಿಗೆ ಹಿಂದಿನ ದಿನದಿಂದಲೇ ನೋವು ಇತ್ತು ಅಂತ ಆಸ್ಪತ್ರೆಗೆ ಬಂದ ತಕ್ಷಣ ನೀವೇ ಹೇಳಿದಿರಿ. ಹೌದೋ ಅಲ್ಲವೋ?" ಎಂದರು. ನೆನಪಿಲ್ಲ ಎಂಬ ಮಾತು ತಾನೇ ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತು. ಒಮ್ಮೆ ಹೇಳಿದ ಸುಳ್ಳಿಗೆ ದಾರಿ ಗೊತ್ತಿರುತ್ತದೆ. ನೇತ್ರಾ ಹಿಂದಿನ ಬೆಂಚಿನಲ್ಲಿದ್ದಳು. ಅವಳ ಉಸಿರು ಕೇಳಿಸುತ್ತಿತ್ತೋ, ಫ್ಯಾನಿನ ಸದ್ದೋ. ತಪ್ಪ ಯಾರದು ಅಂತ ಒಂದ ಹಾಳ್ಯಾಗ ಬರದ ಕೊಡಬೇಕ್ರಿ. ತನ್ನದೇ ಇದ್ದರೆ ತನ್ನದೇ ಅಂತ ಬರೆಯಲಿ. ಮಗಳಿಗೆ ಬೇಕಾದದ್ದು ಸತ್ಯ, ತಾಯಿಯ ಮಾನ ಅಲ್ಲ. "ಹೇಳೇನ್ರಿ," ಎಂದಳು ಸರೋಜವ್ವ. ನುಜಹತಳ ಪೆನ್ನು ನಿಂತಿತು. "ವಕೀಲಬಾಯರ ಮುಂದ ನೆನಪಿಲ್ಲ ಅಂತ ಸುಳ್ಳ ಹೇಳಿದ್ದೆ. ನೆನಪೈತ್ರಿ. ನಾನ ಹೇಳೇನಿ."

ಇಷ್ಟು ಸುಲಭವಾಗಿ ಸಿಕ್ಕೀತೆಂದು ಆ ಹಿರಿಯರೂ ಅಂದುಕೊಂಡಿರಲಿಕ್ಕಿಲ್ಲ. ಅಲ್ಲಿಗೇ ಕೂತಿದ್ದರೆ ಆಗುತ್ತಿತ್ತು. ಆದರೆ ಗೆದ್ದ ಮಾತನ್ನು ಇನ್ನೊಮ್ಮೆ ಎಲ್ಲರ ಕಿವಿಗೆ ಹಾಕುವ ಆಸೆ ಯಾರಿಗಿಲ್ಲ? ಆಸ್ಪತ್ರೆಯ ಹಾಳೆ ತೆಗೆದು, "ಸ್ವಾಮಿ, ಇದು ದಾದಿಯ ಕೈಬರಹ. ಇಂಗ್ಲಿಷಿನ ಹಾಳೆಯಲ್ಲಿ ಈ ಒಂದು ವಾಕ್ಯವನ್ನು ಮಾತ್ರ ಆಕೆ ಕನ್ನಡದಲ್ಲಿ, ಇವರ ಮಾತಿನಲ್ಲೇ ಬರೆದುಕೊಂಡಿದ್ದಾರೆ. ಇದ್ದ ಹಾಗೇ ಓದುತ್ತೇನೆ," ಎಂದು, ಅಭ್ಯಾಸವಿಲ್ಲದ ನಾಲಿಗೆಯಲ್ಲಿ ಒಂದೊಂದೇ ಶಬ್ದ ಎತ್ತಿಟ್ಟರು. "ನಿನ್ನಿಯಿಂದ... ಬ್ಯಾನಿ... ಐತಿ."

ಐತಿ. ಸರೋಜವ್ವ ತಲೆ ಎತ್ತಿದಳು. ಮೂರು ವರ್ಷ ಅವಳು ಎರಡು ಶಬ್ದವನ್ನಷ್ಟೇ ಹೊತ್ತುಕೊಂಡು ತಿರುಗಿದ್ದಳು. ಮೂರನೆಯದು ಇತ್ತೆಂಬುದೇ ಮರೆತುಹೋಗಿತ್ತು. ಡಾಕ್ಟರ ಜವಾಬಿನಲ್ಲಿ ಅದು ಇಂಗ್ಲಿಷಾಗಿತ್ತು. ಮನೆಯಲ್ಲಿ ಉರ್ದು ಆಡುವ ನುಜಹತಳ ಫೋನಿನಲ್ಲಿ ಅದು ಹೆರಿಗೆ ನೋವಾಗಿತ್ತು. ಓಣಿಯಲ್ಲಿ ಇಟಗೊಂಡ ಕುಂತ್ರಂತ ಆಗಿತ್ತು. ಇವತ್ತು, ದಾವಣಗೆರೆಯ ಮನುಷ್ಯನ ಬಾಯಲ್ಲಿ, ಅವಳ ಮಾತು ಅವಳಿಗೆ ಮೊದಲ ಸಲ ಇಡಿಯಾಗಿ ತಿರುಗಿ ಬಂದಿತ್ತು. "ಅದನ್ನ ಮತ್ತೊಮ್ಮೆ ಓದ್ರಿ," ಎಂದಳು. ವಕೀಲರು ಅಧ್ಯಕ್ಷರ ಮುಖ ನೋಡಿದರು. ಓದಿದರು. "ಐತಿ ಅಂತ ಐತೇನ್ರಿ? ಬಂದಾವ ಅಂತ ಇಲ್ಲಲ್ಲ?" "ಐತಿ ಅಂತಲೇ ಇದೆಯಮ್ಮ. ಏನು ಅದು?" ಎಂದರು ಅಧ್ಯಕ್ಷರು.

"ಬ್ಯಾನಿ ಐತಿ ಅಂದ್ರ ಜಡ್ಡರಿ ಸಾಹೇಬ್ರ," ಎಂದಳು ಸರೋಜವ್ವ. ದನಿ ಈಗ ಅವಳದೇ. "ತಲಿಬ್ಯಾನಿ ಐತಿ, ಮೈಬ್ಯಾನಿ ಐತಿ. ಅಕಿಗಿ ಹಿಂದಿನ ದಿನಾ ನೆಗಡಿ, ತಲಿಬ್ಯಾನಿ ಇತ್ತು. ಅದನ್ನ ಹೇಳೇನಿ. ಹಡಿಯೂ ಬ್ಯಾನಿಗೆ ಹಂಗ ಅನ್ನಾಂಗಿಲ್ಲರಿ ನಾವು. ಅವು ಒಂದ ಇರಾಂಗಿಲ್ಲ. ಬರ್ತಾವ, ಹೋಗ್ತಾವ, ಮತ್ತ ಬರ್ತಾವ. ಅದಕ್ಕ ಬ್ಯಾನಿ ಬಂದಾವ ಅಂತೇವಿ, ಸುರು ಆಗ್ಯಾವ ಅಂತೇವಿ. ಹಡದಾಕಿ ಯಾರೂ ಅದನ್ನ ಐತಿ ಅನ್ನಾಂಗಿಲ್ಲ. ನಮ್ಮ ಕಡೆ ಆರ ವರ್ಷದ ಹುಡುಗೀನೂ ಅನ್ನಾಂಗಿಲ್ಲ." ಅಧ್ಯಕ್ಷರು ಎಡಕ್ಕೆ ವಾಲಿದರು. ನರೆತ ತಲೆಯ ಸದಸ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಖರೆ ಐತ್ರಿ," ಎಂದರು, ಕಚೇರಿಯ ಕನ್ನಡ ಬಿಟ್ಟು. "ನಮ್ಮ ಅವ್ವಾನೂ ಹಂಗ ಅಂತಿದ್ಲು. ನಾನೂ ಎರಡ ಹಡದೇನಿ. ಇಷ್ಟ ದಿನಾ ಈ ಹಾಳಿ ನಮ್ಮ ಮುಂದ ಇತ್ತು, ನನ್ನ ಕಣ್ಣಿಗೂ ಬೀಳಲಿಲ್ಲ ನೋಡ್ರಿ."

ಆಗ ನುಜಹತ ಎದ್ದಳು. ಅವಳ ಕಿವಿ ಕೆಂಪಾಗಿತ್ತು. ಈ ಶಬ್ದವನ್ನು ತಾನೂ ತಪ್ಪು ಓದಿದ್ದೆ ಎಂದು ಮೊದಲು ಒಪ್ಪಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು. "ಹಿಂದಿನ ದಿನದಿಂದಲೇ ಹೆರಿಗೆ ನೋವು ಇತ್ತು ಅಂತ ಡಾಕ್ಟರ್ ನಿಜವಾಗಿ ನಂಬಿದ್ದರೆ, ಸ್ವಾಮಿ, ಅವರು ಓಡಿ ಬರಬೇಕಿತ್ತು. ಹನ್ನೊಂದರಿಂದ ಆರರವರೆಗೆ ಈ ಹಾಳೆಯಲ್ಲಿ ಒಂದು ಅಕ್ಷರವೂ ಇಲ್ಲ. ನಂಬಿದ್ದರೂ ತಪ್ಪು, ನಂಬದಿದ್ದರೂ ತಪ್ಪು. ಯಾವುದನ್ನು ಆರಿಸಿಕೊಳ್ಳುತ್ತಾರೋ ಅವರೇ ಹೇಳಲಿ." ಮೆತ್ತನೆಯ ಹಿರಿಯರು ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿದರು. ಮುಂದೆ ಪ್ರಶ್ನೆ ಇಲ್ಲ ಎಂದರು.

ಬೆರಳಚ್ಚು ಮಾಡುವ ಗುಮಾಸ್ತ ಹೇಳಿಕೆಯ ಹಾಳೆ ತೆಗೆದು ಸರೋಜವ್ವನ ಮುಂದಿಟ್ಟು, ಸಹಿ ಎಲ್ಲಿ ಎಂದು ಬೆರಳು ತೋರಿಸಿದ. ಏಳನೇ ಇಯತ್ತೆ ಓದಿದವಳು. ಎಲ್ಲರೂ ಕಾಯುತ್ತಿದ್ದಾರೆ ಎಂಬ ಸಂಕೋಚದಲ್ಲಿ ಪೆನ್ನು ಊರಿದವಳು, ಊರಿದ್ದನ್ನು ಎತ್ತಿ, ಓದತೊಡಗಿದಳು. "ಇದು ತಪ್ಪೈತ್ರಿ," ಎಂದಳು. "ಹಿಂದಿನ ದಿನದಿಂದ ನೋವು ಇರುತ್ತದೆ ಎಂದು ಹೇಳಿರುತ್ತೇನೆ ಅಂತ ಬರದೀರಿ. ನಾ ನೋವು ಅಂದಿಲ್ಲ. ಬ್ಯಾನಿ ಅಂದೇನಿ." ಗುಮಾಸ್ತ, "ಎರಡೂ ಒಂದೇ ಅವ್ವಾ, ಬರೆಯುವಾಗ ಹಾಗೆ ಬರೀತೀವಿ," ಎಂದ. "ಒಂದ ಅಲ್ಲಪಾ," ಎಂದಳು ಅವಳು, ಮಗನಿಗೆ ಹೇಳುವ ಹಾಗೆ. "ಒಂದ ಅಂತ ತಿಳದದ್ದಕ್ಕ ಇಷ್ಟೆಲ್ಲಾ ಆತು. ನಾ ಹೇಳಿದ್ದು ಹೇಳಿದಂಗ ಬರಿ. ಐತಿ ಅಂತ ಬರಿ. ಆ ಸಿಸ್ಟರ್ ಹುಡುಗಿ ಬರದಂಗ." ಅಧ್ಯಕ್ಷರು ತಲೆಯಾಡಿಸಿದರು. ಗುಮಾಸ್ತ ಮತ್ತೊಂದು ಹಾಳೆ ಏರಿಸಿದ. ವಿದ್ಯಾ ಆ ಕೆಲಸ ಬಿಟ್ಟು ಎಲ್ಲಿದ್ದಾಳೋ ಯಾರಿಗೂ ಗೊತ್ತಿರಲಿಲ್ಲ. ಆ ಗದ್ದಲದ ಬೆಳಿಗ್ಗೆ, ಮುದುಕಿಯ ಮಾತನ್ನು ತಿದ್ದದೆ, ಕತ್ತರಿಸದೆ ಬರೆದಿಟ್ಟಿದ್ದಳಲ್ಲ, ಅದು ಉಪಕಾರವೆಂದು ಅವಳಿಗೂ ತಿಳಿದಿರಲಿಕ್ಕಿಲ್ಲ.

ಹೊರಗೆ ಕಟ್ಟೆಯ ಮೇಲೆ ಕೂತಾಗ ಸರೋಜವ್ವ ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಬೇಕೆಂದು ನುಜಹತಳ ಕೈ ಹಿಡಿದಳು. "ಬಿಡ್ರಿ ಅವ್ವಾರ. ನಾನೂ ಒಂದ ಶಬ್ದಾ ನುಂಗಿದ್ದೆ, ನೀವೂ ಒಂದ ನುಂಗಿದ್ರಿ. ಸಮಾ ಆತು," ಎಂದು ಅವಳು ಚಹಾ ತರಲು ಹೋದಳು. ನೇತ್ರಾ ತಾಯಿಯ ಪಕ್ಕ ಬಂದು ಕೂತಳು. ಬಹಳ ಹತ್ತಿರ. "ಅವ್ವಾ, ಆ ಶುಕ್ರವಾರ ಸಂಜಿಕ್ಕ ನಾ ಏನಂದೆ ಹೇಳು?"

"ತಲಿಬ್ಯಾನಿ ಐತಿ ಅಂದಿ."

"ಮರುದಿನಾ ಮುಂಜಾನೆ ನಿನ್ನ ಕರದಾಗ?"

"ಅವ್ವಾ, ಬ್ಯಾನಿ ಬಂದಾವ ಅಂದಿ."

"ಮತ್ತ?" ಎಂದಳು ನೇತ್ರಾ. "ಮೂರ ವರ್ಷ ನೀ ನನ್ನ ಮಾರಿ ನೋಡಿ ಮಾತಾಡಿಲ್ಲ. ನಿನಗ ನನ್ನ ಮ್ಯಾಲೆ ಸಿಟ್ಟ ಅಂತ ತಿಳಕೊಂಡಿದ್ದೆ. ನಾ ಸರಿಯಾಗಿ ಹೇಳಲಿಲ್ಲ ಅಂತ." ಸರೋಜವ್ವ ಮಗಳ ಮುಖ ನೋಡಿದಳು. ಅದೇ ಮೂಗು. ಇಬ್ಬರೂ ಒಂದೇ ಕಲ್ಲನ್ನು ಬೇರೆ ಬೇರೆ ಮನೆಯಲ್ಲಿ ಹೊತ್ತುಕೊಂಡು ತಿರುಗಿದ್ದರು. ಅವತ್ತು ನೇತ್ರಾ ಹಿರೇಕೆರೂರಿನ ಬಸ್ಸು ಹತ್ತಲಿಲ್ಲ. ಅಕ್ಕಿಆಲೂರಿನಲ್ಲಿ ಒಂಬತ್ತು ದಿನ ಉಳಿದಳು.

ಎರಡು ತಿಂಗಳ ಮೇಲೆ ತೀರ್ಪು ಬಂತು, ಕನ್ನಡದಲ್ಲೇ, ಹನ್ನೊಂದು ಹಾಳೆ. ಪರಿಹಾರ ಎಷ್ಟೆಂದು ನುಜಹತ ಹೇಳುವಾಗ ನೇತ್ರಾ ಅದನ್ನು ಕೇಳಿಸಿಕೊಳ್ಳಲಿಲ್ಲ. ತಪ್ಪು ಯಾರದೆಂದು ಬರೆದದ್ದನ್ನು ಹುಡುಕುತ್ತ ಕೂಡಲೇ ಎರಡನೇ ಹಾಳೆ ತಿರುವಿದಳು. ಆಸ್ಪತ್ರೆಯವರು ಬೆಂಗಳೂರಿನ ಮೇಲಿನ ಆಯೋಗಕ್ಕೆ ಹೋಗಬಹುದು ಎಂದು ನುಜಹತ ಎಚ್ಚರಿಸಿದಳು. "ಹೋಗಲಿ. ಅಲ್ಲೂ ಇದನ್ನ ಓದಬೇಕಲ್ಲ," ಎಂದ ಕುಬೇರಪ್ಪ. ಮರುದಿನ ಸರೋಜವ್ವ ಗಟ್ಟಿ ಅಂಚಿನ ರೊಟ್ಟಿ ಬಡಿದು, ಇಪ್ಪತ್ತನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ತೀರ್ಪಿನ ಜೆರಾಕ್ಸ್ ಪ್ರತಿಯನ್ನು ಅದರ ಮೇಲಿಟ್ಟು, ಯಾರನ್ನೂ ಕರೆಯದೆ ಒಬ್ಬಳೇ ಹಿರೇಕೆರೂರಿಗೆ ಹೋದಳು. ಪ್ರಶಾಂತ ಬೀಜದ ಅಂಗಡಿಗೆ ಹೋಗಿದ್ದ. ಹಿಂದಿನ ಸಂಜೆಯೇ ಮರಳಿದ್ದ ನೇತ್ರಾ ಒಳಗಿದ್ದಳು. ಗುರಸಿದ್ಧವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಾಗಿಲಲ್ಲಿ ಓಣಿಯ ಇಬ್ಬರು ಹೆಂಗಸರೂ ಇದ್ದರು. ಸರೋಜವ್ವನಿಗೆ ಅದೂ ಅನುಕೂಲವೇ ಆಯಿತು.

"ಓದತೇನಿ, ಕೇಳ್ರಿ ಬೀಗತಿ," ಎಂದಳು. ನಿಂತೇ, ಸಾಲಿನ ಕೆಳಗೆ ಬೆರಳು ಹಿಡಿದು, ಶಾಲೆಯಲ್ಲಿ ಓದಿದ ಹಾಗೆ ಓದಿದಳು. "ಮಗುವು ಬೆಳಿಗ್ಗೆ ಹನ್ನೊಂದು ಗಂಟೆಗೆ ಆರೋಗ್ಯವಾಗಿತ್ತು ಎಂಬುದು ಆಸ್ಪತ್ರೆಯ ದಾಖಲೆಯಿಂದಲೇ ಸಾಬೀತಾಗಿದೆ." ಉಸಿರು ತೆಗೆದುಕೊಂಡಳು. "ನಿನ್ನಿಯಿಂದ ಬ್ಯಾನಿ ಐತಿ ಎಂಬ ಮಾತಿಗೆ ಈ ಭಾಗದ ಕನ್ನಡದಲ್ಲಿ ಹೆರಿಗೆ ನೋವು ಎಂಬ ಅರ್ಥ ಬರುವುದಿಲ್ಲ. ತಾಯಿಯ ಮನೆಯವರಿಂದ ಯಾವ ವಿಳಂಬವೂ ಆಗಿಲ್ಲ. ವಿಳಂಬ ಆಗಿರುವುದು ಆಸ್ಪತ್ರೆಯಲ್ಲಿ."

ಗುರಸಿದ್ಧವ್ವನ ಕೈಯಲ್ಲಿದ್ದ ಅವರೆಕಾಯಿ ಅರ್ಧ ಬಿರಿದು ಹಾಗೇ ನಿಂತಿತ್ತು. ಬ್ಯಾನಿ ಐತಿ, ಎಂದು ತುಟಿಯೊಳಗೇ ಒಮ್ಮೆ ಅಂದು ನೋಡಿದಳು. ಬ್ಯಾನಿ ಬಂದಾವ, ಎಂದು ಇನ್ನೊಮ್ಮೆ. ನಾಲ್ಕು ಹೆತ್ತವಳು. "ಅಯ್ಯ ನಮ್ಮವ್ವ," ಎಂದಳು ಮೆಲ್ಲಗೆ, "ಇದು ನನಗ ತಿಳೀಬೇಕಿತ್ತು." ಸಿಪ್ಪೆಯ ಬುಟ್ಟಿ ಪಕ್ಕಕ್ಕೆ ಸರಿಸಿ, ಎದ್ದು, ಗೋಡೆಗೆ ಸುತ್ತಿಟ್ಟ ಜಮಖಾನೆಯನ್ನು ತಾನೇ ಬಿಚ್ಚಿ ಹಾಸಿದಳು. "ಬರ್ರಿ, ಮ್ಯಾಲೆ ಕುಂದ್ರಿ. ಚಾ ಇಡತೇನಿ," ಎಂದು ಒಳಗೆ ತಿರುಗಿದಳು.

ಸರೋಜವ್ವ ಜಮಖಾನೆಯ ಮೇಲೆ ಪೂರಾ ಕೂತು, ಕಾಲು ಮಡಿಚಿ, ಹಾಳೆ ತಿರುವಿದಳು.

"ಚಾ ನೇತ್ರಾ ಇಡತಾಳ. ನೀವು ಕುಂದ್ರಿ ಬೀಗತಿ," ಎಂದಳು. "ಇನ್ನೂ ಒಂಬತ್ತ ಹಾಳಿ ಅದಾವ."